ಗಂಟೆ ಬಾರಿಸಿದ ಮರುದಿನ: ಕ್ಯಾನ್ಸರ್ ಚಿಕಿತ್ಸೆ ಮುಗಿದವರನ್ನು ಯಾರು ನೋಡಿಕೊಳ್ಳಬೇಕು?

1996ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಆಸ್ಪತ್ರೆಗೆ ಒಬ್ಬ ರೋಗಿ ಹಿತ್ತಾಳೆಯ ಗಂಟೆಯೊಂದನ್ನು ತಂದರು. ಅವರ ಹೆಸರು ಇರ್ವ್ ಲೆಮೊಯ್ನ್, ನೌಕಾಪಡೆಯಲ್ಲಿ ರಿಯರ್ ಅಡ್ಮಿರಲ್. ತಲೆ-ಕತ್ತಿನ ಕ್ಯಾನ್ಸರಿಗೆ ಅವರ ರೇಡಿಯೇಷನ್ ಮುಗಿಯುತ್ತಾ ಬಂದಿತ್ತು. ಕೆಲಸ ಮುಗಿದಾಗ ಗಂಟೆ ಹೊಡೆಯುವುದು ನಮ್ಮ ನೌಕಾಪಡೆಯ ರೂಢಿ, ಇಲ್ಲೂ ಹೊಡೆಯುತ್ತೇನೆ ಅಂದರು. ಹೊಡೆದು, ಗಂಟೆಯನ್ನು ಅಲ್ಲೇ ಬಿಟ್ಟು ಹೋದರು.

ಇವತ್ತು ಎಷ್ಟೋ ದೇಶಗಳ ಕ್ಯಾನ್ಸರ್ ಆಸ್ಪತ್ರೆಗಳ ಗೋಡೆಯ ಮೇಲೆ ಅಂಥ ಗಂಟೆ ಇದೆ. ಕೊನೆಯ ಕೀಮೋ ಅಥವಾ ಕೊನೆಯ ರೇಡಿಯೇಷನ್ ಆದ ದಿನ ರೋಗಿ ಅದನ್ನು ಬಾರಿಸುತ್ತಾರೆ. ನರ್ಸ್‌ಗಳು ಚಪ್ಪಾಳೆ ತಟ್ಟುತ್ತಾರೆ. ಮನೆಯವರು ವಿಡಿಯೊ ಮಾಡುತ್ತಾರೆ. ನೋಡಲು ಚೆಂದ. ಆದರೆ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯರು ಸುಮಾರು 200 ರೋಗಿಗಳನ್ನು ವಿಚಾರಿಸಿ 2019ರಲ್ಲಿ ಪ್ರಕಟಿಸಿದ ಉತ್ತರ ಅವರು ಅಂದುಕೊಂಡಿದ್ದಕ್ಕೆ ಉಲ್ಟಾ ಇತ್ತು. ಗಂಟೆ ಬಾರಿಸಿದವರೇ ಮುಂದೆ ಚಿಕಿತ್ಸೆಯ ದಿನಗಳನ್ನು ಹೆಚ್ಚು ಸಂಕಟದಿಂದ ನೆನಪಿಸಿಕೊಳ್ಳುತ್ತಿದ್ದರು. ಆ ಹೊತ್ತಿನ ಭಾವೋದ್ವೇಗವೇ ಹಿಂದಿನ ನೋವಿನ ನೆನಪನ್ನೂ ಗಟ್ಟಿಯಾಗಿ ಅಂಟಿಸಿಬಿಡುತ್ತದೆ ಅನ್ನುವುದು ಸಂಶೋಧಕರ ಊಹೆ.

ನನಗೆ ಗಂಟೆಯ ಮೇಲೆ ಸಿಟ್ಟಿಲ್ಲ. ಬಾರಿಸುವವರು ಬಾರಿಸಲಿ. ಆದರೆ ಅದು ಒಂದು ಸುಳ್ಳನ್ನು ಜೋರಾಗಿ ಹೇಳುತ್ತದೆ. ಇವತ್ತಿಗೆ ಮುಗೀತು ಅನ್ನುವ ಸುಳ್ಳು. ಮುಗಿದದ್ದು ಆಸ್ಪತ್ರೆಯ ವೇಳಾಪಟ್ಟಿ. ದೇಹಕ್ಕೆ ಅಂಥ ತಾರೀಕು ಗೊತ್ತಿಲ್ಲ. ಮನಸ್ಸಿಗಂತೂ ಮೊದಲೇ ಗೊತ್ತಿಲ್ಲ.

ಚಿಕಿತ್ಸೆ ನಡೆಯುವಾಗ ರೋಗಿಯ ಸುತ್ತ ಜನ ಇರುತ್ತಾರೆ. ವಾರ ವಾರ ರಕ್ತ ಪರೀಕ್ಷೆ. ಹೆಸರು ಹಿಡಿದು ಕರೆಯುವ ನರ್ಸ್. ಪಕ್ಕದ ಕುರ್ಚಿಯಲ್ಲಿ ಅದೇ ಡ್ರಿಪ್ ಹಾಕಿಸಿಕೊಂಡು ಕೂತ ಇನ್ನೊಬ್ಬರು. ಸಣ್ಣ ಜ್ವರ ಬಂದರೂ 'ತಕ್ಷಣ ಬನ್ನಿ' ಅನ್ನುವ ಆಸ್ಪತ್ರೆ. ಒಂದು ದಿನ ಇದೆಲ್ಲ ನಿಂತುಹೋಗುತ್ತದೆ. ಮುಂದಿನ ಭೇಟಿ ಮೂರು ತಿಂಗಳ ಮೇಲೆ. ಮನೆಯಲ್ಲಿ ಎಲ್ಲರೂ 'ಅಂತೂ ಮುಗೀತಲ್ಲ, ಇನ್ನೇನು ಚಿಂತೆ' ಅನ್ನುತ್ತಾರೆ. ಹಾಗೆ ಅನ್ನುವವರದು ಪ್ರೀತಿಯೇ. ಆದರೆ ಕೇಳಿಸಿಕೊಂಡವರಿಗೆ 'ಇನ್ನು ಸುಸ್ತು ಅನ್ನುವ ಹಾಗಿಲ್ಲ, ಭಯ ಅನ್ನುವ ಹಾಗಿಲ್ಲ' ಅಂತ ಕೇಳಿಸುತ್ತದೆ.

ಇದನ್ನು ಮೊದಲು ಗಟ್ಟಿಯಾಗಿ ಹೇಳಿದ್ದು ಒಬ್ಬ ವೈದ್ಯರೇ. ಫಿಟ್ಜ್‌ಹ್ಯೂ ಮುಲ್ಲನ್ ಅಮೆರಿಕದ ಮಕ್ಕಳ ಡಾಕ್ಟರ್. 32ನೇ ವಯಸ್ಸಿಗೆ ಅವರಿಗೇ ಎದೆಯೊಳಗೆ ಕ್ಯಾನ್ಸರ್ ಬಂತು. ಬದುಕಿ ಉಳಿದು 1985ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. ಮುಳುಗುತ್ತಿರುವವರನ್ನು ನೀರಿನಿಂದ ಎಳೆದು ಹಾಕುವುದರಲ್ಲಿ ನಾವು ಪಳಗಿದ್ದೇವೆ, ಆದರೆ ದಡದಲ್ಲಿ ಅವರು ಕೆಮ್ಮುತ್ತಾ ಬಿದ್ದಿರುವಾಗ ನಮ್ಮ ಕೆಲಸ ಆಯ್ತು ಅಂತ ಎದ್ದು ಹೋಗುತ್ತೇವೆ ಅನ್ನುವುದು ಅವರ ಮಾತಿನ ಸಾರ. ಮರುವರ್ಷ, 1986ರಲ್ಲಿ, ಕ್ಯಾನ್ಸರ್ ಗೆದ್ದವರ ರಾಷ್ಟ್ರೀಯ ಒಕ್ಕೂಟವೊಂದನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. 'ಸರ್ವೈವರ್' ಅನ್ನುವ ಪದ ಈ ಅರ್ಥದಲ್ಲಿ ಚಾಲ್ತಿಗೆ ಬಂದದ್ದು ಆ ಕಾಲದಲ್ಲಿ. ಎಲ್ಲರಿಗೂ ಆ ಪದ ಹಿಡಿಸುವುದಿಲ್ಲ ಅನ್ನುವುದು ಬೇರೆ ಮಾತು.

ದಡದಲ್ಲಿ ಇರುವವರು ಈಗ ಬೆರಳೆಣಿಕೆಯ ಜನ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 2 ಕೋಟಿ ಜನರಿಗೆ ಹೊಸದಾಗಿ ಕ್ಯಾನ್ಸರ್ ಪತ್ತೆಯಾಯಿತು. 97 ಲಕ್ಷ ಜನ ತೀರಿಕೊಂಡರು. ಹಿಂದಿನ ಐದು ವರ್ಷದೊಳಗೆ ಕ್ಯಾನ್ಸರ್ ಪತ್ತೆಯಾಗಿ ಬದುಕಿದ್ದವರು 5.3 ಕೋಟಿಗೂ ಹೆಚ್ಚು. ಹತ್ತು, ಇಪ್ಪತ್ತು ವರ್ಷ ದಾಟಿದವರು ಈ ಲೆಕ್ಕದಲ್ಲೇ ಇಲ್ಲ.

ಉಳಿದುಕೊಳ್ಳುವುದು ಏನು

ಮೊದಲನೆಯದು ಸುಸ್ತು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಯಾಕೆಂದರೆ ಬೇರೆಯವರಿಗೆ ಅರ್ಥವೇ ಆಗದ ತೊಂದರೆ ಇದು. ದಿನವೆಲ್ಲ ದುಡಿದು ಬರುವ ಸುಸ್ತು ಒಂದು ರಾತ್ರಿಯ ನಿದ್ದೆಗೆ ಹೋಗುತ್ತದೆ. ಇದು ಹೋಗುವುದಿಲ್ಲ. ಬೆಳಿಗ್ಗೆ ಏಳುವಾಗಲೇ ಮೈಯಲ್ಲಿ ಇರುತ್ತದೆ. ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳುವಷ್ಟರಲ್ಲಿ ಆ ದಿನದ ಶಕ್ತಿ ಮುಗಿದಿರುತ್ತದೆ. ತಲೆಗೂದಲು ಮತ್ತೆ ಬೆಳೆದಿದೆ, ತೂಕ ಬಂದಿದೆ, ನೋಡಿದವರು 'ಈಗ ಚೆನ್ನಾಗಿ ಕಾಣ್ತೀರಿ' ಅನ್ನುತ್ತಾರೆ. ಒಳಗೆ ಬ್ಯಾಟರಿ ಖಾಲಿ. ಕೆಲವರಿಗೆ ಇದು ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ. ಕೆಲವರಿಗೆ ವರ್ಷಗಟ್ಟಲೆ ಇರುತ್ತದೆ.

ಮೊದಲು ಮಾಡಬೇಕಾದ ಕೆಲಸ ಸರಳ. ಸರಿಪಡಿಸಬಹುದಾದ ಕಾರಣ ಏನಾದರೂ ಇದೆಯೇ ಅಂತ ನೋಡಬೇಕು. ರಕ್ತ ಕಡಿಮೆ ಇರಬಹುದು. ಥೈರಾಯಿಡ್ ಕುಗ್ಗಿರಬಹುದು. ಕತ್ತಿಗೆ ರೇಡಿಯೇಷನ್ ಆದವರಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ 6ರಿಂದ 12 ತಿಂಗಳಿಗೊಮ್ಮೆ ಥೈರಾಯಿಡ್ ಪರೀಕ್ಷೆ ಮಾಡಿಸಿ ಅಂತಲೇ ಸಲಹೆ ಇದೆ. ನಿದ್ದೆ ಕೆಟ್ಟಿರಬಹುದು. ಖಿನ್ನತೆ ಇರಬಹುದು. ತೆಗೆದುಕೊಳ್ಳುತ್ತಿರುವ ಯಾವುದೋ ಮಾತ್ರೆಯೇ ಮಂಕು ಹಿಡಿಸುತ್ತಿರಬಹುದು. ಇದ್ಯಾವುದೂ ಇಲ್ಲ ಅಂದರೂ 'ಇದು ಇದ್ದದ್ದೇ, ರೆಸ್ಟ್ ಮಾಡಿ' ಅನ್ನುವುದು ತಪ್ಪು ಸಲಹೆ. 2017ರಲ್ಲಿ 113 ಅಧ್ಯಯನಗಳನ್ನು, ಅಂದರೆ 11,500ಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದರು. ಕ್ಯಾನ್ಸರ್ ಸುಸ್ತಿಗೆ ವ್ಯಾಯಾಮ ಮತ್ತು ಮನಸ್ಸಿನ ಚಿಕಿತ್ಸೆ, ಈ ಎರಡೂ ಔಷಧಿಗಿಂತ ಚೆನ್ನಾಗಿ ಕೆಲಸ ಮಾಡಿದ್ದವು. ಸುಸ್ತಾದವರಿಗೆ ನಡೆಯಿರಿ ಅನ್ನುವುದು ಕ್ರೂರ ಅನಿಸಬಹುದು. ಅದಕ್ಕೇ ಎಷ್ಟರಿಂದ ಶುರು ಮಾಡಬೇಕು, ಹೇಗೆ ಏರಿಸಬೇಕು ಅಂತ ಹೇಳಿಕೊಡುವವರು ಬೇಕು. ಐದು ನಿಮಿಷದಿಂದ ಶುರು ಮಾಡಿದರೂ ಶುರುವೇ.

ಇನ್ನು ನರಗಳು. ಪ್ಯಾಕ್ಲಿಟಾಕ್ಸೆಲ್, ಸಿಸ್‌ಪ್ಲಾಟಿನ್, ಆಕ್ಸಾಲಿಪ್ಲಾಟಿನ್‌ನಂಥ ಔಷಧಿಗಳು ಕೈಕಾಲಿನ ತುದಿಯ ನರಗಳಿಗೆ ಪೆಟ್ಟು ಕೊಡುತ್ತವೆ. ಬೆರಳು ಜೋಮು ಹಿಡಿದಂತೆ ಇರುತ್ತದೆ. ಅಂಗಿಯ ಗುಂಡಿ ಹಾಕಲು ಕಷ್ಟ. ಕತ್ತಲಲ್ಲಿ ನಡೆಯುವಾಗ ಕಾಲ ಕೆಳಗೆ ನೆಲ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ವಯಸ್ಸಾದವರು ಬೀಳುವುದು ಹೀಗೆ. ನೋವು ಜಾಸ್ತಿ ಇದ್ದರೆ ಡುಲಾಕ್ಸಿಟಿನ್ ಎಂಬ ಮಾತ್ರೆಗೆ ಒಳ್ಳೆಯ ಪುರಾವೆ ಇದೆ. ಬರೀ ಜೋಮಿಗೆ ಅಷ್ಟು ಗಟ್ಟಿಯಾದ ಮದ್ದು ಇಲ್ಲ.

ಸ್ತನ ಕ್ಯಾನ್ಸರಿಗೆ ಆಪರೇಷನ್ ಆದವರಿಗೆ ತೋಳಿನ ಊತದ ಭಯ. ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆದಿದ್ದರೆ ಸುಮಾರು ಐವರಲ್ಲಿ ಒಬ್ಬರಿಗೆ ಇದು ಬರುತ್ತದೆ. ಮೊದಲು ಸಿಗುವ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸಿ ನಿಲ್ಲಿಸಿದರೆ ನೂರಕ್ಕೆ ಐದಾರು ಜನರಿಗೆ. ವರ್ಷಗಟ್ಟಲೆ ಇವರಿಗೆಲ್ಲ ಒಂದೇ ಬುದ್ಧಿಮಾತು: ಆ ಕೈಯಲ್ಲಿ ಭಾರ ಎತ್ತಬೇಡಿ. ಚೀಲ ಹಿಡಿಯಬೇಡಿ, ಮಗುವನ್ನು ಎತ್ತಬೇಡಿ. 2009ರಲ್ಲಿ ಅಮೆರಿಕದಲ್ಲಿ ಇದನ್ನು ಪರೀಕ್ಷಿಸಿಯೇ ನೋಡಿದರು. ಈಗಾಗಲೇ ಊತ ಇದ್ದ 141 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ವಾರಕ್ಕೆ ಎರಡು ದಿನ, ನಿಧಾನವಾಗಿ ತೂಕ ಏರಿಸುತ್ತಾ, ಭಾರ ಎತ್ತುವ ತರಬೇತಿ ಕೊಟ್ಟರು. ಊತ ಹೆಚ್ಚಾಗಲಿಲ್ಲ. ಇದ್ದಕ್ಕಿದ್ದಂತೆ ಉಲ್ಬಣಿಸಿದ್ದು ಭಾರ ಎತ್ತಿದವರಲ್ಲಿ ಶೇ. 14, ಎತ್ತದವರಲ್ಲಿ ಶೇ. 29. ಎಷ್ಟು ಜನ ತಾಯಂದಿರು ಸುಮ್ನೆ ಹೆದರಿ ಮಕ್ಕಳನ್ನು ಎತ್ತಿಕೊಳ್ಳದೆ ಉಳಿದರೋ.

ಬಾಯಿ-ಗಂಟಲಿನ ಕ್ಯಾನ್ಸರ್ ಗೆದ್ದವರದು ಇನ್ನೊಂದು ಪಾಡು. ಎಂಜಲು ಒಣಗುತ್ತದೆ, ದವಡೆ ಬಿಗಿಯುತ್ತದೆ, ನುಂಗುವುದೇ ಒಂದು ಕೆಲಸವಾಗುತ್ತದೆ. ರೇಡಿಯೇಷನ್ ಆದ ದವಡೆಯಲ್ಲಿ ಹಲ್ಲು ಕೀಳಿಸುವ ಮುಂಚೆ ಕ್ಯಾನ್ಸರ್ ಡಾಕ್ಟರನ್ನು ಕೇಳಲೇಬೇಕು, ಇಲ್ಲದಿದ್ದರೆ ಮೂಳೆ ಮಾಯದೆ ಕೊಳೆಯುವ ಅಪಾಯ ಇದೆ. ಗುದನಾಳದ ಆಪರೇಷನ್ ಆದವರು ಮನೆಯಿಂದ ಹೊರಡುವ ಮುಂಚೆ ಶೌಚಾಲಯ ಎಲ್ಲೆಲ್ಲಿದೆ ಅಂತ ಲೆಕ್ಕ ಹಾಕುತ್ತಾರೆ. ಇನ್ನು ಕೆಲವರು ಕೀಮೋ ಆದ ಮೇಲೆ ಮಾತಿನ ನಡುವೆ ಪದ ಸಿಗದೆ ತಡವರಿಸುತ್ತಾರೆ, ಓದಿದ ಪುಟವನ್ನೇ ಮತ್ತೆ ಓದುತ್ತಾರೆ.

ಲೈಂಗಿಕ ಬದುಕಿನ ಬಗ್ಗೆ ಡಾಕ್ಟರೂ ಕೇಳುವುದಿಲ್ಲ, ರೋಗಿಯೂ ಹೇಳುವುದಿಲ್ಲ. ಪ್ರಾಸ್ಟೇಟ್ ಆಪರೇಷನ್ ಆದ ಗಂಡಸಿಗೂ, ಔಷಧಿಯಿಂದ ಬೇಗ ಮುಟ್ಟು ನಿಂತ ಹೆಂಗಸಿಗೂ ಇದು ದಿನನಿತ್ಯದ ಸಮಸ್ಯೆ. ಒಣಗುವಿಕೆಗೆ, ನೋವಿಗೆ, ನಿಮಿರು ಸಮಸ್ಯೆಗೆ ಚಿಕಿತ್ಸೆ ಇದೆ. ಆದರೆ ಯಾರಾದರೂ ಒಬ್ಬರು ಬಾಯಿ ಬಿಡಬೇಕಲ್ವಾ? ರೋಗಿ ನಾಚಿಕೊಳ್ಳುವುದು ಸಹಜ. ಹಾಗಾಗಿ ಕೇಳುವ ಜವಾಬ್ದಾರಿ ಡಾಕ್ಟರದ್ದೇ ಅನ್ನುವುದು ನನ್ನ ಅಭಿಪ್ರಾಯ. ಮಕ್ಕಳಾಗುವ ಪ್ರಶ್ನೆಯಂತೂ ಚಿಕಿತ್ಸೆ ಶುರುವಾಗುವ ಮುಂಚೆಯೇ ಬರಬೇಕು. ವೀರ್ಯವನ್ನು, ಅಂಡಾಣುವನ್ನು ತೆಗೆದು ಶೈತ್ಯದಲ್ಲಿ ಇಡಬಹುದು. ಕಾಪಿಟ್ಟ ಅಂಡಾಶಯದ ತುಣುಕನ್ನು ಮತ್ತೆ ಕಸಿ ಮಾಡಿ 2004ರಲ್ಲೇ ಬೆಲ್ಜಿಯಂನಲ್ಲಿ ಮಗು ಹುಟ್ಟಿದೆ. ಚಿಕಿತ್ಸೆ ಮುಗಿದ ಮೇಲೆ ಈ ಮಾತು ತೆಗೆದರೆ ಹೊತ್ತು ಮೀರಿರುತ್ತದೆ.

ತಡವಾಗಿ ಬರುವ ಲೆಕ್ಕ

ಇಲ್ಲಿಯವರೆಗೆ ಹೇಳಿದ್ದು ಚಿಕಿತ್ಸೆಯಿಂದಲೇ ಜೊತೆಗೆ ಬಂದ ತೊಂದರೆಗಳು. ಕೆಲವು ಹಾಗಲ್ಲ. ಹತ್ತಿಪ್ಪತ್ತು ವರ್ಷ ಸುಮ್ಮನಿದ್ದು ಆಮೇಲೆ ಬರುತ್ತವೆ.

ಇದು ಸ್ಪಷ್ಟವಾಗಿ ಗೊತ್ತಾದದ್ದು ಮಕ್ಕಳಿಂದ. ಬಾಲ್ಯದಲ್ಲಿ ಕ್ಯಾನ್ಸರ್ ಗೆದ್ದು ದೊಡ್ಡವರಾದ 10,397 ಜನರನ್ನು ಅಮೆರಿಕ ಮತ್ತು ಕೆನಡಾದ ಸಂಶೋಧಕರು ಹಿಂಬಾಲಿಸಿದರು. 2006ರಲ್ಲಿ ಬಂದ ವರದಿಯ ಪ್ರಕಾರ ಅವರ ಸರಾಸರಿ ವಯಸ್ಸು ಆಗ ಬರೀ 27ರ ಹತ್ತಿರ. ಅಷ್ಟರಲ್ಲೇ ಶೇ. 62 ಜನರಿಗೆ ಕನಿಷ್ಠ ಒಂದು ದೀರ್ಘಕಾಲದ ಕಾಯಿಲೆ ಇತ್ತು. ಶೇ. 27ಕ್ಕಿಂತ ಹೆಚ್ಚು ಜನರಿಗೆ ಅದು ತೀವ್ರವಾದದ್ದು ಅಥವಾ ಜೀವಕ್ಕೇ ಅಪಾಯ ತರುವಂಥದ್ದು. ಹೃದಯ, ಮೂತ್ರಪಿಂಡ, ಕೀಲು, ಇನ್ನೊಂದು ಕ್ಯಾನ್ಸರ್.

ಹೃದಯದ ವಿಷಯ ನೋಡಿ. ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಕೀಮೋ ಔಷಧಿ ಎಷ್ಟೋ ಕ್ಯಾನ್ಸರ್‌ಗಳಿಗೆ ಇಂದಿಗೂ ಬೇಕು. ಆದರೆ ಜೀವಮಾನದಲ್ಲಿ ಒಟ್ಟು ಎಷ್ಟು ಹೋಗಿದೆ ಅನ್ನುವುದರ ಮೇಲೆ ಹೃದಯದ ಅಪಾಯ ನಿಂತಿದೆ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 400 ಮಿಲಿಗ್ರಾಂ ತಲುಪಿದಾಗ ನೂರಕ್ಕೆ ಸುಮಾರು 5 ಜನರಿಗೆ ಹೃದಯ ವೈಫಲ್ಯ. 550 ತಲುಪಿದರೆ 26 ಜನರಿಗೆ. ಏರಿಕೆ ಎಷ್ಟು ಕಡಿದಾಗಿದೆ ನೋಡಿ. ಅದಕ್ಕೇ ಡಾಕ್ಟರುಗಳು ಲೆಕ್ಕ ಇಡುತ್ತಾರೆ. ಆದರೆ ಆ ಲೆಕ್ಕ ಇರುವುದು ಆಸ್ಪತ್ರೆಯ ಫೈಲಿನಲ್ಲಿ. ಹದಿನೈದು ವರ್ಷದ ನಂತರ ಉಬ್ಬಸ ಅಂತ ಇನ್ಯಾವುದೋ ಡಾಕ್ಟರ ಮುಂದೆ ಕೂತಾಗ ಆ ಫೈಲು ಎಲ್ಲಿರುತ್ತದೆ? 'ಹಿಂದೆ ಏನು ಔಷಧಿ ಕೊಟ್ಟಿದ್ದರು' ಅಂದರೆ 'ಕೆಂಪು ಬಣ್ಣದ್ದು' ಅನ್ನುವುದು ಬಿಟ್ಟರೆ ರೋಗಿಯ ಬಳಿ ಉತ್ತರ ಇರುವುದಿಲ್ಲ.

ಹಾಗೆಯೇ, ಹತ್ತರಿಂದ ಮೂವತ್ತರ ವಯಸ್ಸಿನೊಳಗೆ ಎದೆಯ ಭಾಗಕ್ಕೆ ರೇಡಿಯೇಷನ್ ಆದ ಹೆಣ್ಣುಮಕ್ಕಳಲ್ಲಿ ಮುಂದೆ ಸ್ತನ ಕ್ಯಾನ್ಸರಿನ ಸಾಧ್ಯತೆ ಹೆಚ್ಚು. ಅವರಿಗೆ 25ನೇ ವಯಸ್ಸಿನಿಂದ ಅಥವಾ ರೇಡಿಯೇಷನ್ ಆಗಿ 8 ವರ್ಷ ಕಳೆದ ಮೇಲೆ, ಯಾವುದು ತಡವೋ ಆಗಿನಿಂದ, ವರ್ಷಕ್ಕೊಮ್ಮೆ ಸ್ಕ್ಯಾನ್ ಬೇಕು ಅನ್ನುವುದು ಶಿಫಾರಸು. ಉಳಿದವರಿಗೆ ಹೇಳುವ ನಲವತ್ತು, ಐವತ್ತರ ಲೆಕ್ಕ ಇವರಿಗೆ ಅನ್ವಯಿಸುವುದಿಲ್ಲ. ಇದು ತಾನಾಗಿ ಗೊತ್ತಾಗುವ ವಿಷಯ ಅಲ್ಲ. ಯಾರಾದರೂ ಹೇಳಬೇಕು.

ಭಯ, ಮತ್ತು ಸ್ಕ್ಯಾನ್

ಮತ್ತೆ ಬಂದರೆ? ಈ ಪ್ರಶ್ನೆ ಹೋಗುವುದೇ ಇಲ್ಲ. ತಲೆ ನೋವು ಬಂದರೆ ಮೆದುಳಿಗೆ ಹರಡಿತಾ, ಬೆನ್ನು ನೋವು ಬಂದರೆ ಮೂಳೆಗೆ ಬಂತಾ. ಫಾಲೋಅಪ್ ಸ್ಕ್ಯಾನಿನ ಹಿಂದಿನ ವಾರ ನಿದ್ದೆ ಇರುವುದಿಲ್ಲ. ರಿಪೋರ್ಟ್ ಚೆನ್ನಾಗಿ ಬಂದರೆ ಒಂದು ತಿಂಗಳು ನಿರಾಳ, ಆಮೇಲೆ ಮುಂದಿನ ಸ್ಕ್ಯಾನಿನ ಎಣಿಕೆ ಶುರು.

ಭಯಕ್ಕೆ ಮದ್ದು ಅಂತ ಜನ ಹೆಚ್ಚು ಟೆಸ್ಟ್ ಕೇಳುತ್ತಾರೆ. ಇಲ್ಲಿ ಒಂದು ಕಹಿ ಸತ್ಯ ಇದೆ. ಇಟಲಿಯಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ 1,320 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೂಳೆ ಸ್ಕ್ಯಾನ್, ಲಿವರ್ ಅಲ್ಟ್ರಾಸೌಂಡ್, ಎದೆಯ ಎಕ್ಸ್‌ರೇ ಅಂತ ಕಾಲಕಾಲಕ್ಕೆ ಎಲ್ಲವೂ. ಇನ್ನೊಂದಕ್ಕೆ ಡಾಕ್ಟರ ತಪಾಸಣೆ, ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಮತ್ತು ತೊಂದರೆ ಕಂಡಾಗ ಮಾತ್ರ ಟೆಸ್ಟ್. 1994ರಲ್ಲಿ ಫಲಿತಾಂಶ ಬಂತು. ಬದುಕುಳಿಯುವುದರಲ್ಲಿ ವ್ಯತ್ಯಾಸ ಇರಲಿಲ್ಲ, ಬದುಕಿನ ಗುಣಮಟ್ಟದಲ್ಲೂ ಇರಲಿಲ್ಲ. ಇದನ್ನು ಎಲ್ಲ ಕ್ಯಾನ್ಸರಿಗೂ ಎಳೆಯಬಾರದು. ದೊಡ್ಡ ಕರುಳಿನ ಕ್ಯಾನ್ಸರ್ ಲಿವರಿಗೆ ಮರಳಿದ್ದು ಬೇಗ ಕಂಡರೆ ಕೆಲವೊಮ್ಮೆ ಆಪರೇಷನ್ ಮಾಡಿ ತೆಗೆಯಬಹುದು, ಅಲ್ಲಿ ಸ್ಕ್ಯಾನಿಗೆ ಅರ್ಥ ಇದೆ. ಯಾವ ಟೆಸ್ಟ್ ಯಾಕೆ, ಯಾವುದು ಯಾಕೆ ಬೇಡ ಅಂತ ಕೂತು ಹೇಳಿದರೆ ಅರ್ಧ ಭಯ ಇಳಿಯುತ್ತದೆ.

ಉಳಿದರ್ಧಕ್ಕೂ ದಾರಿ ಇದೆ. ಆಸ್ಟ್ರೇಲಿಯಾದಲ್ಲಿ ಮರಳಿ ಬರುವ ಭಯಕ್ಕೆಂದೇ ಐದು ಭೇಟಿಗಳ ಆಪ್ತ ಸಮಾಲೋಚನೆ ರೂಪಿಸಿದರು. ಮನಃಶಾಸ್ತ್ರಜ್ಞರ ಜೊತೆ ಒಬ್ಬೊಬ್ಬರೇ ಎದುರಾಬದುರು ಕೂತು ಮಾತಾಡುವುದು. 222 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2017ರಲ್ಲಿ ಬಂತು. ಬರೀ ವಿಶ್ರಾಂತಿಯ ತರಬೇತಿ ಪಡೆದವರಿಗಿಂತ ಇವರ ಭಯ ಹೆಚ್ಚು ಇಳಿದಿತ್ತು. ಭಯ ಪೂರ್ತಿ ಹೋಗಲಿ ಅನ್ನುವುದು ಅಲ್ಲಿ ಗುರಿಯೇ ಅಲ್ಲ. ಅದು ಬಂದಾಗ ದಿನವನ್ನೆಲ್ಲ ನುಂಗದ ಹಾಗೆ ನೋಡಿಕೊಳ್ಳುವುದು ಗುರಿ.

ಕಾಗದ ಸಾಕಾಗಲಿಲ್ಲ

ಹಾಗಾದರೆ ಇಷ್ಟು ವರ್ಷ ಏನೂ ಮಾಡಲಿಲ್ಲವೇ? ಮಾಡಿದರು. 2005ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ದೊಡ್ಡ ವರದಿ ಕೊಟ್ಟಿತು. ರೋಗಿಯಿಂದ ಸರ್ವೈವರ್ ಆಗುವ ದಾರಿಯಲ್ಲಿ ಜನ ಕಳೆದುಹೋಗುತ್ತಿದ್ದಾರೆ ಅಂತ ಒಪ್ಪಿಕೊಂಡಿತು. ಪರಿಹಾರಗಳಲ್ಲಿ ಮುಖ್ಯವಾದದ್ದು, ಚಿಕಿತ್ಸೆ ಮುಗಿದ ಪ್ರತಿಯೊಬ್ಬರ ಕೈಗೂ ಒಂದು ಬರವಣಿಗೆಯ ಯೋಜನೆ. ಏನು ಕಾಯಿಲೆ, ಏನು ಚಿಕಿತ್ಸೆ, ಎಷ್ಟು ಡೋಸ್, ಮುಂದೆ ಏನು ನೋಡಬೇಕು. ಕೇಳಿದರೆ ಯಾರಾದರೂ ಸರಿ ಅನ್ನುವಂಥ ಮಾತು. ನಾನೂ ಅನ್ನುತ್ತೇನೆ. ಮೇಲೆ ಹೇಳಿದ ಕೆಂಪು ಔಷಧಿಯ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಆದರೆ ಬರೀ ಆ ಕಾಗದದಿಂದ ಮನಸ್ಸು ಹಗುರಾಗುತ್ತದೆಯೇ? ಕೆನಡಾದಲ್ಲಿ 408 ಮಹಿಳೆಯರ ಮೇಲೆ ಪರೀಕ್ಷಿಸಿದರು. ಎಲ್ಲರನ್ನೂ ಅವರವರ ಫ್ಯಾಮಿಲಿ ಡಾಕ್ಟರಿಗೆ ಒಪ್ಪಿಸಿ, ಅರ್ಧ ಜನರಿಗೆ ಆ ಯೋಜನೆಯನ್ನೂ ಕೊಟ್ಟರು. ಒಂದು ವರ್ಷದ ನಂತರ ನೋಡಿದರೆ ಕಾಗದ ಇದ್ದವರಿಗೂ ಇಲ್ಲದವರಿಗೂ ಸಂಕಟದಲ್ಲಿ ವ್ಯತ್ಯಾಸ ಇಲ್ಲ. 2011ರಲ್ಲಿ ಇದು ಪ್ರಕಟವಾದಾಗ ಅದನ್ನೇ ನಂಬಿ ಕೂತಿದ್ದವರಿಗೆ ಸ್ವಲ್ಪ ಮುಜುಗರವೇ ಆಯಿತು.

ಅದಕ್ಕೂ ಮುಂಚೆ, 2006ರಲ್ಲಿ, ಅದೇ ಕೆನಡಾದಿಂದ ಇನ್ನೊಂದು ಫಲಿತಾಂಶ ಬಂದಿತ್ತು. ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ 968 ಮಹಿಳೆಯರಲ್ಲಿ ಕೆಲವರನ್ನು ಕ್ಯಾನ್ಸರ್ ಕೇಂದ್ರವೇ ನೋಡಿಕೊಂಡಿತು, ಉಳಿದವರನ್ನು ಅವರ ಫ್ಯಾಮಿಲಿ ಡಾಕ್ಟರ್. ಕ್ಯಾನ್ಸರ್ ಮರಳಿದ್ದರಲ್ಲಿ, ಗಂಭೀರ ತೊಂದರೆಯಲ್ಲಿ, ಬದುಕಿನ ಗುಣಮಟ್ಟದಲ್ಲಿ ಎರಡೂ ಕಡೆ ಹೆಚ್ಚೂಕಡಿಮೆ ಒಂದೇ. ಅಂದರೆ ನೋಡಿಕೊಳ್ಳಲು ದೊಡ್ಡ ತಜ್ಞರೇ ಬೇಕು ಅಂತಿಲ್ಲ. 'ಇವರು ನನ್ನ ಜವಾಬ್ದಾರಿ' ಅನ್ನುವ ಒಬ್ಬರು ಬೇಕು. ಈಗ ಆಗುತ್ತಿರುವುದು ಏನೆಂದರೆ ಕ್ಯಾನ್ಸರ್ ಡಾಕ್ಟರು 'ಇದು ಫ್ಯಾಮಿಲಿ ಡಾಕ್ಟರ ಕೆಲಸ' ಅನ್ನುತ್ತಾರೆ, ಅವರು 'ಇದು ಕ್ಯಾನ್ಸರ್ ಕೇಸು, ಅಲ್ಲೇ ತೋರಿಸಿ' ಅನ್ನುತ್ತಾರೆ. ಇಬ್ಬರ ನಡುವೆ ರೋಗಿ ಓಡಾಡುತ್ತಿರುತ್ತಾರೆ.

ಕಾಗದಕ್ಕೂ ಮನುಷ್ಯರಿಗೂ ಇರುವ ವ್ಯತ್ಯಾಸ ಎದ್ದು ಕಾಣುವುದು 2025ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ. 'ಚಾಲೆಂಜ್' ಅಂತ ಅದರ ಹೆಸರು. ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್, ಕೀಮೋ ಎಲ್ಲ ಮುಗಿಸಿದ 889 ಜನ. ಎರಡೂ ಗುಂಪಿಗೆ ವ್ಯಾಯಾಮ ಮಾಡಿ, ಆರೋಗ್ಯ ನೋಡಿಕೊಳ್ಳಿ ಅನ್ನುವ ಪುಸ್ತಿಕೆ ಕೊಟ್ಟರು. ಒಂದು ಗುಂಪಿಗೆ ಅಷ್ಟೇ. ಇನ್ನೊಂದಕ್ಕೆ ಮೂರು ವರ್ಷ ಜೊತೆಗಿದ್ದು ವಿಚಾರಿಸುವ ತರಬೇತುದಾರರನ್ನೂ ಕೊಟ್ಟರು. ಮಾಡಿಸಿದ್ದು ದೊಡ್ಡ ಕಸರತ್ತೇನಲ್ಲ. ವಾರಕ್ಕೆ ಮೂರ್ನಾಲ್ಕು ದಿನ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿರುಸಾಗಿ ನಡೆಯುವಷ್ಟು. ಐದು ವರ್ಷದ ನಂತರ ಕ್ಯಾನ್ಸರ್ ಮರಳದೆ ಬದುಕಿದ್ದವರು ಪುಸ್ತಿಕೆಯ ಗುಂಪಿನಲ್ಲಿ ಶೇ. 74ರ ಹತ್ತಿರ, ತರಬೇತಿಯ ಗುಂಪಿನಲ್ಲಿ ಶೇ. 80. ಎಂಟು ವರ್ಷಕ್ಕೆ ಜೀವಂತ ಇದ್ದವರು ಶೇ. 83, ಮತ್ತು ಶೇ. 90. ಸ್ನಾಯು-ಕೀಲುಗಳ ನೋವು ವ್ಯಾಯಾಮದವರಲ್ಲಿ ಸ್ವಲ್ಪ ಜಾಸ್ತಿ ಇತ್ತು, ಅದನ್ನೂ ಹೇಳಬೇಕು. ಹೊಸ ಮಾತ್ರೆಯೊಂದು ಇಷ್ಟು ಲಾಭ ತೋರಿಸಿದ್ದರೆ ನಾಳೆಯಿಂದಲೇ ಎಲ್ಲ ಕಡೆ ಬರೆಯುತ್ತಿದ್ದರು. ಜೊತೆಗೆ ನಿಂತು ನಡೆಸುವವರ ಸಂಬಳ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಇನ್ನೊಂದು ಉದಾಹರಣೆ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯದು. ಇಲ್ಲಿದ್ದವರು ಹರಡಿದ ಕ್ಯಾನ್ಸರಿನ 766 ರೋಗಿಗಳು, ಕೀಮೋ ನಡೆಯುತ್ತಿದ್ದವರು. ಅರ್ಧಕ್ಕೂ ಹೆಚ್ಚು ಜನ 12 ಸಾಮಾನ್ಯ ತೊಂದರೆಗಳ ಬಗ್ಗೆ ಕಂಪ್ಯೂಟರಿನಲ್ಲಿ ಆಗಾಗ ಗುರುತು ಹಾಕುತ್ತಿದ್ದರು. ತೊಂದರೆ ಹೆಚ್ಚಾದರೆ ನರ್ಸಿಗೆ ತಕ್ಷಣ ಸಂದೇಶ. ನರ್ಸ್ ಫೋನ್ ಮಾಡುತ್ತಿದ್ದರು, ಔಷಧಿ ಬದಲು ಮಾಡಿಸುತ್ತಿದ್ದರು. 2017ರ ಫಲಿತಾಂಶದಲ್ಲಿ ಇವರ ಮಧ್ಯಮ ಆಯಸ್ಸು, ಅಂದರೆ ಅರ್ಧದಷ್ಟು ಜನ ದಾಟಿ ಬದುಕಿದ ಅವಧಿ, 31.2 ತಿಂಗಳು, ಎಂದಿನಂತೆ ನೋಡಿಕೊಂಡವರದು 26. ಐದು ತಿಂಗಳ ವ್ಯತ್ಯಾಸ. ಹೊಸ ಔಷಧಿ ಏನೂ ಇಲ್ಲ, ಕೇಳಿಸಿಕೊಂಡದ್ದಷ್ಟೇ.

ಬದುಕಿನ ಗುಣಮಟ್ಟವನ್ನು ಅಳೆಯುವ ಪ್ರಶ್ನಾವಳಿಗಳು ಹೊಸವಲ್ಲ. ಯುರೋಪಿನ ಸಂಶೋಧಕರು 1993ರಲ್ಲಿ ಪ್ರಕಟಿಸಿದ ಕ್ಯೂಎಲ್‌ಕ್ಯೂ-ಸಿ30 ಇಂದಿಗೂ ಚಾಲ್ತಿಯಲ್ಲಿದೆ. ಮೂವತ್ತು ಪ್ರಶ್ನೆ. ನಡೆಯಲು ಕಷ್ಟವೇ, ನಿದ್ದೆ ಬರುತ್ತದೆಯೇ, ಚಿಂತೆ ಇದೆಯೇ, ಹಣಕ್ಕೆ ತೊಂದರೆಯೇ. ಕೊನೆಯ ಎರಡಕ್ಕೆ 1ರಿಂದ 7ರವರೆಗೆ ಅಂಕ: ನಿಮ್ಮ ಆರೋಗ್ಯ ಹೇಗಿತ್ತು, ಬದುಕು ಹೇಗಿತ್ತು. ಒಳ್ಳೆಯ ಪ್ರಶ್ನೆಗಳೇ. ಆದರೆ ಎಷ್ಟೋ ಕಡೆ ಇವನ್ನು ತುಂಬಿಸುವುದು ಸಂಶೋಧನೆಗೆ. 2 ಅಂತ ಗುರುತು ಹಾಕಿದವರಿಗೆ ಆ ಸಂಜೆ ಯಾರೂ ಫೋನ್ ಮಾಡುವುದಿಲ್ಲ.

ಕೆಲಸ, ಸಾಲ, ವಿಮೆ

ಜೀವ ಉಳಿದ ಮೇಲೆ ಜೀವನ ನಡೆಯಬೇಕಲ್ವಾ. 36 ಅಧ್ಯಯನಗಳನ್ನು ಕೂಡಿಸಿ 2009ರಲ್ಲಿ ಲೆಕ್ಕ ಹಾಕಿದಾಗ ಕ್ಯಾನ್ಸರ್ ಗೆದ್ದವರಲ್ಲಿ ಕೆಲಸ ಇಲ್ಲದವರು ಶೇ. 34ರ ಹತ್ತಿರ, ಕ್ಯಾನ್ಸರ್ ಬಾರದವರಲ್ಲಿ ಶೇ. 15. ಎಲ್ಲರೂ ದುಡಿಯಲಾಗದೆ ಬಿಟ್ಟವರಲ್ಲ. ದಿನಕ್ಕೆ ನಾಲ್ಕು ಗಂಟೆಯಿಂದ ಶುರು ಮಾಡಿ ನಿಧಾನಕ್ಕೆ ಪೂರ್ತಿ ದಿನಕ್ಕೆ ಬರಲು ಬಿಟ್ಟಿದ್ದರೆ ಉಳಿಯುತ್ತಿದ್ದವರೂ ಅವರಲ್ಲಿ ಇದ್ದಾರು. 'ಒಂದೋ ಪೂರ್ತಿ ಬನ್ನಿ, ಇಲ್ಲ ಬಿಡಿ' ಅಂದರೆ ಸುಸ್ತಿನ ಬ್ಯಾಟರಿ ಬಿಡುವುದನ್ನೇ ಆರಿಸಿಕೊಳ್ಳುತ್ತದೆ.

ಸಾಲ, ವಿಮೆಯ ಅರ್ಜಿಯಲ್ಲಿ ಕ್ಯಾನ್ಸರ್ ಅನ್ನುವ ಪದ ಜೀವಮಾನವಿಡೀ ಹಿಂಬಾಲಿಸುತ್ತದೆ. ಫ್ರಾನ್ಸ್ ಇದಕ್ಕೊಂದು ಕಾನೂನು ಮಾಡಿತು. ಮರೆಯಿಸಿಕೊಳ್ಳುವ ಹಕ್ಕು ಅನ್ನಬಹುದು. ಚಿಕಿತ್ಸೆ ಮುಗಿದು ಇಷ್ಟು ವರ್ಷ ಕಾಯಿಲೆ ಮರಳದಿದ್ದರೆ ಸಾಲದ ವಿಮೆಗೆ ಅರ್ಜಿ ಹಾಕುವಾಗ ಅದನ್ನು ಹೇಳಲೇಬೇಕಿಲ್ಲ. 2016ರಲ್ಲಿ ಹತ್ತು ವರ್ಷ ಅಂತ ಇತ್ತು, 2022ರಲ್ಲಿ ಐದಕ್ಕೆ ಇಳಿಸಿದರು. ಬೆಲ್ಜಿಯಂ, ನೆದರ್ಲೆಂಡ್ಸ್, ಪೋರ್ಚುಗಲ್, ಇಟಲಿ, ಸ್ಪೇನ್ ಅದೇ ದಾರಿಯಲ್ಲಿ ಬಂದವು. ವೈದ್ಯರ ಕೈಯಲ್ಲಿ ಇಲ್ಲದ, ಆದರೆ ಬದುಕಿನ ಗುಣಮಟ್ಟಕ್ಕೆ ನೇರವಾಗಿ ತಾಗುವ ಸಂಗತಿ ಇದು.

ಇಷ್ಟೆಲ್ಲ 'ಮುಗಿದ ಮೇಲೆ' ಅಂತ ಬರೆದೆ. ಮುಗಿಯದೇ ಇರುವವರೂ ಇದ್ದಾರೆ. 2001ರಲ್ಲಿ ಇಮಾಟಿನಿಬ್ ಮಾತ್ರೆ ಬಂದ ಮೇಲೆ ಒಂದು ಬಗೆಯ ರಕ್ತದ ಕ್ಯಾನ್ಸರ್ ಇದ್ದವರು ದಿನಾ ಮಾತ್ರೆ ನುಂಗುತ್ತಾ ದಶಕಗಳ ಕಾಲ ಬದುಕುತ್ತಿದ್ದಾರೆ. ಹರಡಿದ ಸ್ತನ ಕ್ಯಾನ್ಸರ್, ಪ್ರಾಸ್ಟೇಟ್ ಕ್ಯಾನ್ಸರಿನ ಜೊತೆ ವರ್ಷಗಟ್ಟಲೆ ಬಾಳುವವರಿದ್ದಾರೆ. ಅವರ ಕೀಮೋ ಕುರ್ಚಿಗೂ ಆ ಗಂಟೆಯ ಸದ್ದು ಕೇಳುತ್ತದೆ. ಅವರ ಸರದಿ ಬರುವುದಿಲ್ಲ ಅಂತ ಅವರಿಗೆ ಗೊತ್ತು. ಅವರಿಗೂ ಸುಸ್ತಿದೆ, ಜೋಮಿದೆ, ಕೆಲಸ ಇದೆ, ಮಕ್ಕಳಿದ್ದಾರೆ. ಮತ್ತು ಇವರೆಲ್ಲರ ಪಕ್ಕದಲ್ಲಿ, ಫೈಲು ಹಿಡಿದು ನಿಂತ ಮನೆಯವರು. ಅವರ ನಿದ್ದೆಯನ್ನು ಯಾರೂ ವಿಚಾರಿಸುವುದೇ ಇಲ್ಲ.

ಇಂಗ್ಲೆಂಡಿನಲ್ಲಿ ಅಪಾಯ ಕಡಿಮೆ ಇರುವ ರೋಗಿಗಳಿಗೆ ಈಗ ಒಂದು ವ್ಯವಸ್ಥೆ ಇದೆ. ಮೂರು ತಿಂಗಳಿಗೊಮ್ಮೆ ಬಂದು ಐದು ನಿಮಿಷ ಮುಖ ತೋರಿಸಿ ಹೋಗುವ ಬದಲು, ಯಾವ ಲಕ್ಷಣ ಕಂಡರೆ ಎಚ್ಚರ ಅಂತ ಮೊದಲೇ ಕೂರಿಸಿ ಹೇಳುತ್ತಾರೆ. ನಿಗದಿತ ಸ್ಕ್ಯಾನ್‌ಗಳ ದಿನಾಂಕವನ್ನು ಆಸ್ಪತ್ರೆಯೇ ನೆನಪಿಡುತ್ತದೆ. ಜೊತೆಗೆ ನೇರವಾಗಿ ತಂಡಕ್ಕೆ ತಲುಪುವ ಒಂದು ಫೋನ್ ನಂಬರು. ಭೇಟಿಗಳ ಸಂಖ್ಯೆ ಇಳಿಸುವುದಕ್ಕೂ ಇದನ್ನು ತಂದರು ಅನ್ನುವುದು ನಿಜ, ಆ ಕಡೆಯೂ ಒಂದು ಕಣ್ಣಿರಲಿ. ಆ ನಂಬರಿಗೆ ಮಾಡಿದ ಕರೆಯನ್ನು ಎತ್ತುವವರು ಇದ್ದರೆ ಮಾತ್ರ ಈ ವ್ಯವಸ್ಥೆ ನಡೆಯುತ್ತದೆ.

ಹಾಗಾಗಿ ಕೊನೆಯ ಕೀಮೋದ ದಿನ, ಬೇಕಿದ್ದರೆ ಗಂಟೆ ಬಾರಿಸುವ ಮುಂಚೆಯೇ, ಡಾಕ್ಟರ ಎದುರು ಕೂತು ಎರಡು ಕೆಲಸ ಮಾಡಿಸಿಕೊಳ್ಳಬೇಕು. ಯಾವ ಔಷಧಿ ಒಟ್ಟು ಎಷ್ಟು ಹೋಯಿತು, ರೇಡಿಯೇಷನ್ ಯಾವ ಜಾಗಕ್ಕೆ ಎಷ್ಟು, ಇದನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳುವುದು. ಆಮೇಲೆ ಕೇಳುವುದು: ನಾಳೆ ರಾತ್ರಿ ಏನಾದರೂ ಆದರೆ ಯಾರಿಗೆ ಫೋನ್ ಮಾಡಲಿ? 'ಏನಾದರೂ ಇದ್ದರೆ ಬನ್ನಿ' ಅಂದರೆ ಎದ್ದು ಬರಬೇಡಿ. ಹೆಸರು ಕೇಳಿ, ನಂಬರು ಕೇಳಿ, ಅದೇ ಹಾಳೆಯ ಮೇಲ್ಗಡೆ ಬರೆದುಕೊಳ್ಳಿ.